ಹದಿನೈದು ಟ್ಯಾಂಕಿನ ತಾಳ್ಮೆ

ಹೊಸ ವಸ್ತುವನ್ನು ಇದ್ದ ಹಾಗೆಯೇ ಬಳಸುವುದು ನಮ್ಮ ಜಾಯಮಾನದಲ್ಲೇ ಇಲ್ಲ. ಷೋರೂಮಿನಿಂದ ಹೊರಬಿದ್ದ ಬೈಕು ನೆಟ್ಟಗೆ ಮನೆಗೆ ಬರುವುದಿಲ್ಲ. ದಾರಿಯಲ್ಲಿ ಸೀಟ್ ಕವರಿನ ಅಂಗಡಿ ಮುಂದೆ ನಿಂತು, ಗಾರ್ಡು ಹಾಕಿಸಿಕೊಂಡು, ಜೋಡಿ ಹಾರನ್ನು ಕೂರಿಸಿಕೊಂಡು, ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟಿಸಿಕೊಂಡೇ ಬರುತ್ತದೆ. ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ್ದರಲ್ಲೂ ಏನೋ ಒಂದು ಕೊರತೆ ಉಳಿದುಬಿಟ್ಟಿದೆ, ಅದು ತನ್ನ ಕಣ್ಣಿಗೆ ಮಾತ್ರ ಬಿದ್ದಿದೆ ಎಂಬ ನಂಬಿಕೆ ಹೊಸ ಯಜಮಾನನಿಗೆ ರಸೀದಿಯ ಜೊತೆಗೇ ಪುಕ್ಕಟೆಯಾಗಿ ಸಿಗುತ್ತದೆ.

ಮಲೆನಾಡಿನಲ್ಲಿ ಈಗ ಈ ನಂಬಿಕೆ ಚೈನ್‌ಸಾಗೂ ಹಬ್ಬಿದೆ. ಒಂದು ಕಾಲಕ್ಕೆ ಊರಿಗೊಂದಿದ್ದರೆ ಹೆಚ್ಚು ಎನ್ನಿಸುತ್ತಿದ್ದ ಮರ ಕೊಯ್ಯುವ ಮಿಷನ್ ಇವತ್ತು ತೋಟ ಇದ್ದವರ ಮನೆಯಲ್ಲೆಲ್ಲ ಕಾಣುತ್ತದೆ. ಅಡಿಕೆ ಬೇಯಿಸುವ ಒಲೆಗೆ ಸೌದೆ ಬೇಕು. ಗಾಳಿಗೆ ಬಿದ್ದ ಮರ ದಾರಿಗೆ ಅಡ್ಡ ಮಲಗಿರುತ್ತದೆ. ಕಾಫಿ ಗಿಡಕ್ಕೆ ನೆರಳು ಜಾಸ್ತಿಯಾಯಿತೆಂದು ಸಿಲ್ವರ್ ಓಕಿನ ಕೊಂಬೆ ಇಳಿಸಬೇಕು. ಹಳದಿ ಎಲೆ ರೋಗಕ್ಕೆ ಸೊರಗಿದ ಅಡಿಕೆ ಮರ ತೆಗೆಯಬೇಕು. ಕೆಲಸಕ್ಕೆ ಬರವಿಲ್ಲ, ಆಳಿಗೆ ಮಾತ್ರ ಬರ. ಹಾಗಾಗಿ ಮಿಷನ್ ಬರುತ್ತದೆ. ಮಿಷನ್ನಿನ ಹಿಂದೆಯೇ ಅದನ್ನು ‘ಸರಿ’ ಮಾಡುವ ಹಂಬಲವೂ ಬರುತ್ತದೆ.

ನನ್ನ ಅಕ್ಕನ ಮಗ ಹೊಸ ಚೈನ್‌ಸಾ ಹಿಡಿದು ಬಂದವನು ಡಬ್ಬ ಬಿಚ್ಚುತ್ತಲೇ ಶುರು ಮಾಡಿದ:

“ಮಾವ, ಇದರ ಸೈಲೆನ್ಸರ್ ಬಿಚ್ಚಿ ತೂತು ದೊಡ್ಡದು ಮಾಡಿದ್ರೆ ಪವರ್ ಜಾಸ್ತಿ ಬರ್ತದಂತೆ. ಹಂಗೇ ಬಾರ್ ಒಂದು ಇಪ್ಪತ್ತು ಇಂಚಿಂದು ಹಾಕ್ಸಿಬಿಡಾಣ ಅಂತ.”

“ಈಗಿರೋ ಪವರ್ ಸಾಕಾಗ್ಲಿಲ್ಲ ಅಂತ ಎಂತದು ಕೊಯ್ದು ನೋಡ್ದೆ ಮಾರಾಯ?”

“ಕೊಯ್ದಿಲ್ಲ ಮಾವ. ಇನ್ನೂ ಸ್ಟಾರ್ಟೇ ಮಾಡಿಲ್ಲ. ಪೂಜೆ ಆಗ್ಬೇಕಲ.”

ಅವನನ್ನು ನೋಡಿ ನಗುವ ಅಧಿಕಾರ ನನ್ನ ತಲೆಮಾರಿನವರಿಗಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ಕೈ ಹಾಕುವ ಚಟವನ್ನು ಬೆಳೆಸಿದವರು ನಾವೇ. ಮೈಸೂರಿನ ಜಾವಾ, ಯೆಜ್ಡಿಗಳ ಕಾಲದಿಂದ ಹಿಡಿದು 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ ತನಕ, ಸೈಲೆನ್ಸರಿನ ಒಳಗಿನ ಬ್ಯಾಫಲ್ ತೆಗೆಸದ ಹುಡುಗ ಹುಡುಗನೇ ಅಲ್ಲ ಎನ್ನುವಂತಿತ್ತು. ತಾಲ್ಲೂಕು ಕೇಂದ್ರಕ್ಕೊಬ್ಬ ‘ಪೋರ್ಟ್ ಹೊಡೆಯುವ’, ಅಂದರೆ ಸಿಲಿಂಡರಿನ ಕಿಂಡಿ ಅರೆದು ಅಗಲಿಸುವ ಮೆಕ್ಯಾನಿಕ್ ಇದ್ದೇ ಇರುತ್ತಿದ್ದ. 98 ಸಿಸಿಯ ಆರ್‌ಎಕ್ಸ್ ಕಾರ್ಖಾನೆಯಿಂದ ಬರುವಾಗಲೇ 11 ಕುದುರೆಗಳನ್ನು ಹೊತ್ತು ಬರುತ್ತಿತ್ತು. ನಮಗೆ ಹನ್ನೆರಡನೆಯದು ಬೇಕಿತ್ತು. ಅದು ಸಿಕ್ಕಿತೋ ಇಲ್ಲವೋ ಅಳೆದು ನೋಡಿದವರು ಯಾರೂ ಇಲ್ಲ. ಸದ್ದು ಹೆಚ್ಚಾಗಿತ್ತು, ಸದ್ದನ್ನೇ ವೇಗವೆಂದು ಲೆಕ್ಕ ಬರೆದುಕೊಂಡೆವು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು, ಅದೇ ವರ್ಷ ಆರ್‌ಎಕ್ಸ್ 100 ಕೂಡ ನಿಂತಿತು. ರಸ್ತೆ ಬಿಟ್ಟ ಟೂ ಸ್ಟ್ರೋಕ್ ನಿಧಾನವಾಗಿ ತೋಟಕ್ಕೆ ಇಳಿಯಿತು: ಹುಲ್ಲು ಹೊಡೆಯುವ ಮಿಷನ್ನಾಗಿ, ಔಷಧಿ ಹೊಡೆಯುವ ಪಂಪಾಗಿ, ಚೈನ್‌ಸಾ ಆಗಿ. ಚಟವೂ ಜೊತೆಯಲ್ಲೇ ಇಳಿಯಿತು.

ಅದೇ ತಲೆಮಾರಿಗೆ ಇನ್ನೊಂದು ಶಿಸ್ತೂ ಗೊತ್ತಿತ್ತು, ಅದು ಮಾತ್ರ ಮಕ್ಕಳಿಗೆ ದಾಟಲಿಲ್ಲ. ಹೊಸ ಕಾರಿನ ಹಿಂಭಾಗದ ಗಾಜಿಗೆ ‘ರನ್ನಿಂಗ್ ಇನ್’ ಎಂಬ ಚೀಟಿ ಅಂಟಿಸುತ್ತಿದ್ದರು. ‘ನನ್ನ ಎಂಜಿನ್ ಇನ್ನೂ ಪಳಗಿಲ್ಲ, ನೀವು ಮುಂದೆ ಹೋಗಿ’ ಎಂದು ಹಿಂದಿನವರಿಗೆ ಹೇಳುವ ಸೌಜನ್ಯ ಅದು. ಸ್ವಂತ ಕಾರು ಕೊಂಡ ಜಂಬದ ನಡುವೆಯೂ ಸೈಕಲ್‌ಮೋಟಾರಿಗೆ ದಾರಿ ಬಿಡುವಷ್ಟು ವಿನಯವನ್ನು ಆ ಚೀಟಿ ಕಲಿಸುತ್ತಿತ್ತು.

ಚೈನ್‌ಸಾದ ಹೊಟ್ಟೆಯಲ್ಲೂ ಅದೇ ಕಥೆ. ಹೊಸ ಪಿಸ್ಟನ್ ರಿಂಗು, ಹೊಸ ಸಿಲಿಂಡರಿನ ಗೋಡೆ, ಎರಡೂ ಕಣ್ಣಿಗೆ ನುಣುಪು, ಸೂಕ್ಷ್ಮದಲ್ಲಿ ಏರುತಗ್ಗು. ಒಂದನ್ನೊಂದು ಉಜ್ಜಿಕೊಂಡು ಆ ಏರುತಗ್ಗು ಸವೆದ ಮೇಲೆಯೇ ರಿಂಗು ಸಿಲಿಂಡರಿಗೆ ಸರಿಯಾಗಿ ಕೂರುವುದು, ಒತ್ತಡ ಸೋರದೆ ಹಿಡಿಯುವುದು. ಮೊದಲ ಮೂರು ಟ್ಯಾಂಕ್ ಇಂಧನ ಮುಗಿಯುವವರೆಗೆ ಗಾಳಿಯಲ್ಲಿ ಬರಿದೇ ರೇಸ್ ಮಾಡಬೇಡಿ, 5ರಿಂದ 15 ಟ್ಯಾಂಕ್ ಸುಟ್ಟ ಮೇಲೆ ಎಂಜಿನ್ ತನ್ನ ಪೂರ್ಣ ಶಕ್ತಿಗೆ ಬರುತ್ತದೆ ಎಂದು ಸ್ಟಿಲ್ ಕಂಪನಿಯ ಕೈಪಿಡಿಗಳು ಹೇಳುತ್ತವೆ. ಇನ್ನೊಂದು ಚೈನ್‌ಸಾ ಕಂಪನಿ ಹಸ್ಕ್‌ವರ್ನಾದವರು ಮೊದಲ 10 ಗಂಟೆ ಬಹಳ ಹೊತ್ತು ಅತಿ ವೇಗದಲ್ಲಿ ಓಡಿಸಬೇಡಿ ಎನ್ನುತ್ತಾರೆ. ಕೈಪಿಡಿ ಓದುವುದು ನಮ್ಮಲ್ಲಿ ಸೋತವರ ಕೆಲಸ. ಹಾಗಾಗಿ ಈ ಸಾಲುಗಳು ಡಬ್ಬದ ಥರ್ಮೋಕೋಲಿನ ಜೊತೆ ಅಟ್ಟ ಸೇರುತ್ತವೆ.

ಈ ಹದಿನೈದು ಟ್ಯಾಂಕ್ ಎಂದರೆ ಎಷ್ಟು? ಸಣ್ಣ ಮಿಷನ್ನಿನ ಟ್ಯಾಂಕಿಗೆ ಹಿಡಿಯುವುದೇ ಹೆಚ್ಚುಕಡಿಮೆ ಕಾಲು ಲೀಟರ್. ಹದಿನೈದು ಸಲ ತುಂಬಿಸಿದರೂ ನಾಲ್ಕು ಲೀಟರ್ ಆಗುವುದಿಲ್ಲ. ಕೊಪ್ಪದಿಂದ ಶಿವಮೊಗ್ಗಕ್ಕೆ ಕಾರಿನಲ್ಲಿ ಹೋಗಲು ಇಷ್ಟು ಪೆಟ್ರೋಲ್ ಸಾಲದು. ಅಷ್ಟು ಕಾಯಲಾರದೆ ನಾವು ಡ್ರಿಲ್ಲಿಂಗ್ ಮಿಷನ್ ಹುಡುಕುತ್ತೇವೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಮೊದಲ ದಿನವೇ ಸೈಲೆನ್ಸರ್ ಕೊರೆಸಿದ ಎಂದಿಟ್ಟುಕೊಳ್ಳಿ. ಮುಂದಿನ ಹದಿನೈದು ಟ್ಯಾಂಕಿನಲ್ಲಿ ಎಂಜಿನ್ ತಾನಾಗಿಯೇ ಪಳಗಿ ಬಲವಾಗುತ್ತದೆ. “ನೋಡಿ, ಕೊರೆಸಿದ ಮೇಲೆ ದಿನದಿಂದ ದಿನಕ್ಕೆ ಏನು ಎಳೆತ!” ಎಂದು ಯಜಮಾನ ಊರಿಗೆಲ್ಲ ಸಾರುತ್ತಾನೆ. ದುಡಿದದ್ದು ರಿಂಗು, ಹೆಸರು ಡ್ರಿಲ್ಲಿಂಗ್ ಮಿಷನ್ನಿನದು. ನಮ್ಮ ಸೀಮೆಯಲ್ಲಿ ಇಂಥ ಮಾರ್ಪಾಡುಗಳಿಗೆ ಇರುವ ಖ್ಯಾತಿಯಲ್ಲಿ ದೊಡ್ಡ ಪಾಲು ಈ ಲೆಕ್ಕದ ತಪ್ಪಿನಿಂದ ಬಂದದ್ದೆಂದು ನನ್ನ ಗುಮಾನಿ. ಮೊದಲು ಎಷ್ಟಿತ್ತು ಎಂದು ತಿಳಿಯದವನಿಗೆ ಆಮೇಲೆ ಎಷ್ಟಾಯಿತು ಎಂಬುದು ಹೇಗೆ ತಿಳಿಯಬೇಕು?

ಹಾಗೆಂದು ಮಾರ್ಪಾಡು ಮಾಡುವವರೆಲ್ಲ ಹುಚ್ಚರೇನಲ್ಲ. ಈ ವಿದ್ಯೆಯ ತವರು ಅಮೆರಿಕದ ಮರ ಕಡಿಯುವ ಸೀಮೆ, ಅಲ್ಲಿನವರ ವಾದಕ್ಕೆ ತೂಕವಿದೆ. 1990ರ ದಶಕದ ನಡುವಿನಿಂದ ಅಲ್ಲಿ ಸಣ್ಣ ಎಂಜಿನ್‌ಗಳ ಹೊಗೆಗೂ ಕಾನೂನು ಬಂತು. ಟೂ ಸ್ಟ್ರೋಕಿನ ಹುಟ್ಟುಗುಣವೇ ಒಂದಿಷ್ಟು ಹಸಿ ಪೆಟ್ರೋಲನ್ನು ಸುಡದೆ ಹೊರಗೆ ಉಗುಳುವುದು. ಅದನ್ನು ಹತ್ತಿಕ್ಕಲು ಕಂಪನಿಗಳು ಸೈಲೆನ್ಸರಿನ ಬಾಯಿ ಕಿರಿದು ಮಾಡಿದವು, ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನು ಬಿಗಿ ಹಿಡಿದವು, ತಿರುಪುಗಳನ್ನು ಯಾರೂ ಹೆಚ್ಚು ತಿರುಗಿಸದಂತೆ ಅವಕ್ಕೆ ಟೊಪ್ಪಿ ಹಾಕಿದವು. ಉಸಿರು ಕಟ್ಟಿದ ಎಂಜಿನ್ನಿಗೆ ಉಸಿರು ಬಿಡಿಸುತ್ತೇವೆ ಎಂಬುದು ಅವರ ಮಾತು. ಬಲ್ಲವನು ಬಾಯಿ ಅಗಲಿಸಿ, ತಕ್ಕಷ್ಟು ಪೆಟ್ರೋಲ್ ಹೆಚ್ಚಿಸಿದರೆ ಮಿಷನ್ನಿಗೆ ಎಳೆತ ಬರುವುದೂ ಹೌದು, ಕೆಲವೊಮ್ಮೆ ಮೊದಲಿಗಿಂತ ತಣ್ಣಗೆ ಓಡುವುದೂ ಹೌದು.

‘ತಕ್ಕಷ್ಟು ಪೆಟ್ರೋಲ್ ಹೆಚ್ಚಿಸಿದರೆ’ ಎಂಬಲ್ಲಿಯೇ ಎಲ್ಲ ಇರುವುದು. ಹೊಗೆ ಸಲೀಸಾಗಿ ಹೊರಹೋದರೆ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ. ಗಾಳಿ ಹೆಚ್ಚಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ತೆಳುವಾಗುತ್ತದೆ, ಬಿಸಿ ಏರುತ್ತದೆ. ಕಾರಿನ ಎಂಜಿನ್ನಿಗೆ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಇದಕ್ಕೆ ಪೆಟ್ರೋಲಿನಲ್ಲೇ ಆಯಿಲ್, ಒಳ್ಳೆಯ ಟೂ ಸ್ಟ್ರೋಕ್ ಆಯಿಲಾದರೆ ಲೀಟರಿಗೆ 20 ಮಿ.ಲೀ. ಪೆಟ್ರೋಲ್ ಕಡಿಮೆಯಾಯಿತೆಂದರೆ ಆಯಿಲೂ ಕಡಿಮೆಯಾಯಿತೆಂದೇ ಅರ್ಥ. ಬಿಸಿ ಹೆಚ್ಚು, ಜಾರಿಕೆ ಕಡಿಮೆ. ಪಿಸ್ಟನ್ನಿನ ಹೊಗೆ ಹೋಗುವ ಕಡೆಯ ಮೈ ಮೊದಲು ಗೀರು ಬೀಳುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಮೋಸವೆಂದರೆ, ಕಚ್ಚಿಕೊಳ್ಳುವ ಮುನ್ನ ಅದು ಹಿಂದೆಂದೂ ಇಲ್ಲದಷ್ಟು ಚುರುಕಾಗಿ ಕಿರುಚುತ್ತದೆ. ಯಜಮಾನ ಮೆಚ್ಚಿ ತಲೆದೂಗುವುದೂ ಆಗಲೇ.

ಬಲ್ಲವರು ಕಿವಿಯಿಂದ ಅಳೆಯುತ್ತಾರೆ. ಪೂರ್ತಿ ಎಳೆದು ಗಾಳಿಯಲ್ಲಿ ಹಿಡಿದಾಗ ಸದ್ದು ಒಂದಿಷ್ಟು ತೊದಲಬೇಕು, ಮರಕ್ಕೆ ಇಟ್ಟೊಡನೆ ತೊದಲು ಬಿಟ್ಟು ನುಣ್ಣಗಾಗಬೇಕು. ಗಾಳಿಯಲ್ಲೇ ನುಣ್ಣಗೆ ಕಿರುಚಿದರೆ ಮಿಶ್ರಣ ತೆಳು. ಈ ತೊದಲನ್ನು ಗುರುತಿಸಲು ಮೊದಲು ಆ ಮಿಷನ್ನಿನ ಸಹಜ ಸ್ವರ ಕಿವಿಗೆ ಕೂತಿರಬೇಕು. ನಿನ್ನೆ ಕೊಂಡವನಿಗೆ ಅದೆಲ್ಲಿಂದ ಬರಬೇಕು? ಇನ್ನು ಕೆಲವು ಸಣ್ಣ ಮಿಷನ್‌ಗಳಲ್ಲಿ ಪೆಟ್ರೋಲ್ ಬಿಡುವ ಮುಖ್ಯ ಜೆಟ್ಟೇ ಖಾಯಂ, ತಿರುಗಿಸಲು ತಿರುಪೇ ಇಲ್ಲ. ಅಂಥದ್ದರ ಸೈಲೆನ್ಸರ್ ಕೊರೆಯುವವನು ಬಾಗಿಲು ಒಡೆದ ಮೇಲೆ ಚಿಲಕ ಹುಡುಕುತ್ತಾನೆ. ದೊಡ್ಡ ಮಿಷನ್‌ಗಳಲ್ಲಿ ಎಂ-ಟ್ರಾನಿಕ್, ಆಟೋಟ್ಯೂನ್ ಎಂಬ ಹೆಸರಿನಲ್ಲಿ ಮಿಶ್ರಣವನ್ನು ತಾವೇ ಹೊಂದಿಸಿಕೊಳ್ಳುವ ವ್ಯವಸ್ಥೆ ಬಂದಿದೆ. ಅವಕ್ಕೂ ಒಂದು ಮಿತಿ ಇದ್ದೇ ಇದೆ.

ನಮ್ಮ ದೇಶದಲ್ಲಿ ಇದರ ಜೊತೆಗೆ ಇನ್ನೊಂದು ಮಾರ್ಪಾಡನ್ನು ನಾವು ಕೇಳದೆಯೇ ಬಂಕಿನವರು ಮಾಡಿಕೊಡುತ್ತಾರೆ. ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್. ಶುದ್ಧ ಪೆಟ್ರೋಲ್ ಒಂದು ಪಾಲು ಪೂರ್ತಿ ಸುಡಲು 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಎರಡೂ ಬೆರೆತ ನಮ್ಮ ಪೆಟ್ರೋಲಿಗೆ ಸುಮಾರು 13.5. ಅಂದರೆ ಜೆಟ್ಟಿನ ತೂತು ಬದಲಾಗದೆಯೇ ಮಿಶ್ರಣ ಒಂದಿಷ್ಟು ತೆಳುವಾಗಿ ಹೋಗಿದೆ. ಅದರ ಮೇಲೆ ಸೈಲೆನ್ಸರನ್ನೂ ಕೊರೆದರೆ ತೆಳುವಿನ ಮೇಲೆ ತೆಳು. ಎಥನಾಲಿಗೆ ನೀರು ಹೀರುವ ಗುಣವೂ ಉಂಟು. ನಮ್ಮ ಜೂನ್-ಜುಲೈನಲ್ಲಿ ಗೋಡೆಯೇ ಬೆವರುವಾಗ, ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್ ನೀರು ಎಳೆದುಕೊಳ್ಳುತ್ತದೆ, ಕಾರ್ಬೊರೇಟರಿನ ರಬ್ಬರ್ ಪರದೆ ಬಿರುಸಾಗುತ್ತದೆ. ಮಳೆಗಾಲಕ್ಕೆ ಮೊದಲು ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿಡುವುದು ಖರ್ಚಿಲ್ಲದ ಒಂದು ಮಾರ್ಪಾಡು. ಅದರಲ್ಲಿ ಸದ್ದಿಲ್ಲ, ಹಾಗಾಗಿ ಯಾರಿಗೂ ಬೇಡ.

ನಮ್ಮೂರಿನ ಸುತ್ತ ಬಹಳ ವರ್ಷಗಳಿಂದ ಮರ ಕೊಯ್ಯುವ ಒಬ್ಬರಿದ್ದಾರೆ. ಅವರ ಮಿಷನ್ನಿನ ಬಣ್ಣ ಯಾವುದಿತ್ತೆಂದು ಅದನ್ನು ಮಾಡಿದವರಿಗೂ ಹೇಳಲಾಗದು. ಸೈಲೆನ್ಸರ್ ಬಂದ ಹಾಗೇ ಇದೆ, ಚೈನು ಸುತ್ತುವ ಪಟ್ಟಿ, ಅಂದರೆ ಬಾರ್, ಕಂಪನಿ ಹೇಳಿದ್ದಕ್ಕಿಂತ ಒಂದು ಅಳತೆ ಚಿಕ್ಕದು. ಪ್ರತಿ ಸಲ ಟ್ಯಾಂಕ್ ತುಂಬಿಸುವಾಗಲೂ ಬೀಡಿ ಹಚ್ಚಿಕೊಳ್ಳುವ ಬದಲು ಅರ ಹಿಡಿದು ಕೂರುತ್ತಾರೆ. ಹುಡುಗನ ಸೈಲೆನ್ಸರ್ ಯೋಜನೆಯನ್ನು ಅವರ ಮುಂದೆ ಇಟ್ಟೆ.

“ಗೌಡ್ರೆ, ಮಿಷನ್ ಮರ ಕೊಯ್ಯೋದಿಲ್ಲ. ಕೊಯ್ಯೋದು ಹಲ್ಲು. ಮಿಷನ್ ಹಲ್ಲನ್ನ ಓಡಿಸ್ತದೆ, ಅಷ್ಟೇಯ,” ಎಂದು ಅರ ಒರೆಸಿಕೊಂಡರು.

ಚೈನ್‌ಸಾದ ಚರಿತ್ರೆ ಅವರ ಪಕ್ಷದಲ್ಲಿದೆ. 1927ರಲ್ಲಿ ಜರ್ಮನಿಯ ಎಮಿಲ್ ಲೆರ್ಪ್ ಡೋಲ್ಮಾರ್ ಎಂಬ ಬೆಟ್ಟದ ಮೇಲೆ ಪೆಟ್ರೋಲಿನ ಚೈನ್‌ಸಾ ಓಡಿಸಿ ತೋರಿಸಿದ. ಎರಡು ವರ್ಷಕ್ಕೆ ಆಂಡ್ರಿಯಾಸ್ ಸ್ಟಿಲ್‌ನ 46 ಕೆ.ಜಿ.ಯ ಯಂತ್ರ ಬಂತು. ಇಬ್ಬರು ಹಿಡಿಯಬೇಕಿದ್ದ ಆ ಯಂತ್ರಗಳಲ್ಲಿ ಎಂಜಿನ್ ಹೊಸದಾದರೂ ಹಲ್ಲು ಕೈಗರಗಸದ ಜಾತಿಯದೇ, ಮರವನ್ನು ಗೀಚಿ ಕೆರೆಯುವಂಥದ್ದು. ಬೇಗ ಮೊಂಡಾಗುತ್ತಿತ್ತು, ಅರ ಹಾಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಅಮೆರಿಕದ ಆರೆಗನ್ ರಾಜ್ಯದ ಕಾಡಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್‌ಗೆ ಇದರಿಂದ ಸಾಕುಬೇಕಾಗಿತ್ತು. 1946ರಲ್ಲಿ ಒಂದು ದಿನ ಬುಡದ ದಿಮ್ಮಿಯೊಂದರಲ್ಲಿ ಮರ ಕೊರೆಯುವ ಜೀರುಂಡೆಯ ಹುಳು ಅವನ ಕಣ್ಣಿಗೆ ಬಿತ್ತು. ಬೆರಳಿನಷ್ಟು ಗಾತ್ರದ ಆ ಹುಳು ಮರದ ಎಳೆಯ ಗುಂಟವೂ ಅಡ್ಡವೂ ಒಂದೇ ಸಲೀಸಿನಿಂದ ತಿನ್ನುತ್ತ ಸಾಗಿತ್ತು. ಅದರ ಬಾಗಿದ ದವಡೆಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತರಿಸುತ್ತಿದ್ದವು. ಕಾಕ್ಸ್ ಆ ದವಡೆಯನ್ನು ಉಕ್ಕಿನಲ್ಲಿ ಮಾಡಿ, ಎಡ-ಬಲ ಸರದಿಯಲ್ಲಿ ಚೈನಿಗೆ ಜೋಡಿಸಿದ. 1947ರಲ್ಲಿ ಅದು ಮಾರುಕಟ್ಟೆಗೆ ಬಂತು. ಇವತ್ತು ನಮ್ಮ ಅಡಿಕೆ ತೋಟದಲ್ಲಿ ಓಡುವ ಚೈನಿನ ಹಲ್ಲೂ ಅದರ ವಂಶದ್ದೇ.

ಈ ಯಂತ್ರಕ್ಕೆ ಆದ ಅತಿ ದೊಡ್ಡ ಸುಧಾರಣೆಗಳಲ್ಲೊಂದು ಹೀಗೆ ಎಂಜಿನ್ನಿನ ಹೊರಗೆ ಆಯಿತು. ಮಾಡಿದವನು ಹೊಸದಾಗಿ ಮಿಷನ್ ಕೊಂಡವನಲ್ಲ; ಹಳೆಯ ಚೈನಿಗೆ ಅರ ಹಾಕಿ ಹಾಕಿ ಬೇಸತ್ತು, ತನಗೆ ಬೇಕಾದದ್ದೇನೆಂದು ಖಚಿತವಾಗಿ ಗೊತ್ತಿದ್ದವನು. ಹುಳು ಅದಕ್ಕೂ ಮುಂಚೆ ಎಷ್ಟೋ ಜನರ ಕಣ್ಣಿಗೆ ಬಿದ್ದಿರಬಹುದು. ಅವರಿಗೆ ಅದು ಬರೀ ಹುಳುವಾಗಿ ಕಂಡಿತು.

ನಮ್ಮ ಹುಡುಗನ ಮಿಷನ್ನಿಗೆ ಪೂಜೆ ಆಯಿತು, ಬಿದ್ದ ಮರಗಳೂ ಸಿಕ್ಕವು. ಮೊದಲ ದಿನ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದದ್ದು ಸ್ವಲ್ಪ ದಿನಕ್ಕೆ ಹಿಟ್ಟಾಯಿತು. ನೆಲದ ಮೇಲಿನ ದಿಮ್ಮಿ ಕೊಯ್ಯುವಾಗ ಚೈನು ಒಮ್ಮೆ ಮಣ್ಣಿಗೆ ತಾಗಿದರೂ ಸಾಕು, ಹಲ್ಲಿನ ಮೊನೆ ಹೋಯಿತು. “ಪವರ್ ಇಳಿದೋಗಿದೆ ಮಾವ” ಎಂದ. ಪವರ್ ಎಲ್ಲಿಗೂ ಇಳಿದಿರಲಿಲ್ಲ, ಅಷ್ಟು ಹೊತ್ತಿಗೆ ಎಂಜಿನ್ ಪಳಗಿ ಏರಿಯೇ ಇತ್ತು. ಮರ ಕೊಯ್ಯುವ ಹಿರಿಯರ ಹತ್ತಿರ ಕೂರಿಸಿದೆ. ಸಣ್ಣ ಚೈನಿಗೆ 4 ಮಿ.ಮೀ. ದುಂಡನೆಯ ಅರ, ಬಾರಿಗೆ ನೇರ ಅಡ್ಡದಿಂದ 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು, ಎಲ್ಲ ಹಲ್ಲಿಗೂ ಒಂದೇ ಲೆಕ್ಕದ ಎಳೆತ. ಎಡದ ಹಲ್ಲು ಉದ್ದ, ಬಲದ್ದು ಗಿಡ್ಡವಾದರೆ ಬಾರ್ ಮರದೊಳಗೆ ಸೊಟ್ಟ ಹೋಗುತ್ತದೆ. ಪ್ರತಿ ಹಲ್ಲಿನ ಮುಂದೆ ಒಂದು ಮೊಟಕು ದಿಣ್ಣೆ ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುವುದು ಅದೇ. ಸಣ್ಣ ಚೈನಿನಲ್ಲಿ ಅದು ಹಲ್ಲಿಗಿಂತ 0.65 ಮಿ.ಮೀ. ಕೆಳಗಿದ್ದರೆ ಹಿತ. ಬೇಗ ಕೊಯ್ಯಲಿ ಎಂದು ಅದನ್ನು ಇನ್ನಷ್ಟು ತೇಯುವವರಿದ್ದಾರೆ. ಬಾರಿನ ತುದಿ ತಾಗಿದಾಗ ಮಿಷನ್ ಮುಖದ ಕಡೆಗೆ ಎಗರುವ ಭಯ ಆಗ ಹೆಚ್ಚುತ್ತದೆ, ಎಂಜಿನ್ನೂ ತಿಣುಕುತ್ತದೆ. ಅರ ಹಾಕಿಸಿಕೊಂಡ ಮಿಷನ್ ಮತ್ತೆ ಚಕ್ಕೆ ಉದುರಿಸತೊಡಗಿದಾಗ ಹುಡುಗ ಸೈಲೆನ್ಸರನ್ನು ಅನುಮಾನದಿಂದ ನೋಡಿದ, ಒಳಗೊಳಗೇ ಅದು ಯಾವಾಗ ಸರಿಹೋಯಿತೋ ಎಂಬಂತೆ.

ವೇಗಕ್ಕೇ ಬೆಲೆ ಇರುವ ಜಾಗ ಒಂದಿದೆ. ಟಿಂಬರ್‌ಸ್ಪೋರ್ಟ್ಸ್ ಎಂಬ ಮರ ಕಡಿಯುವ ಪಂದ್ಯಾವಳಿಯಲ್ಲಿ ‘ಹಾಟ್ ಸಾ’ ಎಂಬುದೊಂದು ಸ್ಪರ್ಧೆ: 46 ಸೆಂ.ಮೀ. ದಪ್ಪದ ದಿಮ್ಮಿಯಿಂದ ಮೂರು ಬಿಲ್ಲೆ ಕೊಯ್ಯಬೇಕು. ಗೆಲ್ಲುವವರು ಹತ್ತು ಸೆಕೆಂಡಿನೊಳಗೆ ಮುಗಿಸುತ್ತಾರೆ. ಆ ಮಿಷನ್‌ಗಳು ಪಂದ್ಯಕ್ಕೆಂದೇ ಕಟ್ಟಿದವು, 27 ಕೆ.ಜಿ.ವರೆಗೂ ತೂಗುತ್ತವೆ, ಚೈನು ಗಂಟೆಗೆ ಸುಮಾರು 240 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಲ್ಲಿ ಅರ್ಧ ಸೆಕೆಂಡಿಗೆ ಪದಕ ಕೈತಪ್ಪುತ್ತದೆ. ದಿನವಿಡೀ ದೊಡ್ಡ ಮರಗಳನ್ನೇ ಉರುಳಿಸುವ ಕಸುಬಿನವರಿಗೂ ಲೆಕ್ಕ ಬೇರೆ.

ನಮ್ಮಲ್ಲಿ ಒಂದು ಮರ ತೆಗೆಯಲು ಹೊತ್ತು ಎಲ್ಲಿ ಹೋಗುತ್ತದೆ ನೋಡಿ. ಮೊದಲು ಅದು ಪರವಾನಗಿ ಬೇಕಾದ ಜಾತಿಯೋ ಅಲ್ಲವೋ ಎಂದು 1976ರ ಮರ ಸಂರಕ್ಷಣಾ ಕಾಯಿದೆಯನ್ನು ನೆನೆಸಿಕೊಳ್ಳಬೇಕು, ಬೇಕಾದರೆ ಅರ್ಜಿ ಹಾಕಿ ಕಾಯಬೇಕು. ಆಮೇಲೆ ಮರ ಯಾವ ಕಡೆ ವಾಲಿದೆ ಎಂಬ ಬಗ್ಗೆ ನಿಂತವರೆಲ್ಲ ಒಂದೊಂದು ಅಭಿಪ್ರಾಯ ಕೊಡಬೇಕು. ಬುಡದ ಪೊದೆ ಸವರಬೇಕು, ಹಗ್ಗ ಕಟ್ಟಬೇಕು, ಕೆಳಗಿನ ಏಲಕ್ಕಿ ಹಿಂಡಿಲಿನ ಗತಿ ಏನೆಂದು ಮನೆಯವಳಿಗೆ ಉತ್ತರ ಹೇಳಬೇಕು. ಮರ ಬೇಲಿಯ ಆಚೆಯದೋ ಈಚೆಯದೋ ಎಂದು ಪಕ್ಕದ ತೋಟದವರು ಬಂದು ವಿಚಾರಿಸಬೇಕು. ನಡುವೆ ಕಾಫಿ ಬರಬೇಕು. ಇಷ್ಟೆಲ್ಲ ಆದ ಮೇಲೆ ಮಿಷನ್ ಮರದ ಮೇಲೆ ಇರುವುದು ಕೆಲವೇ ನಿಮಿಷ. ಅದರಲ್ಲಿ ಐದನೇ ಒಂದು ಪಾಲು ಉಳಿಸಲು ಸೈಲೆನ್ಸರ್ ಕೊರೆಯುವುದಕ್ಕಿಂತ ಕಾಫಿಯನ್ನು ಮುಂಚೆಯೇ ಕುಡಿದುಬಿಡುವುದು ಲಾಭ.

ಕೊರೆದದ್ದರ ಬೆಲೆ ಬೇರೆಯೇ ತೆರಬೇಕು. ಚೈನ್‌ಸಾದ ಸದ್ದು ಇದ್ದ ಹಾಗೆಯೇ 100 ಡೆಸಿಬೆಲ್ ದಾಟುತ್ತದೆ, ನಮ್ಮವರು ಕಿವಿಗೆ ಕಟ್ಟುವುದು ತಲೆಗೆ ಸುತ್ತಿದ ಟವೆಲ್ ಮಾತ್ರ. ಸೈಲೆನ್ಸರಿನ ಬಾಯಲ್ಲಿ ಕಿಡಿ ತಡೆಯುವ ಜಾಲರಿ ಕೆಲವು ಮಿಷನ್‌ಗಳಲ್ಲಿರುತ್ತದೆ. ‘ಅಡ್ಡ’ ಎಂದು ಅದನ್ನು ಕಿತ್ತು, ಮಾರ್ಚ್ ತಿಂಗಳ ಒಣ ದರಗಿನ ಮೇಲೆ ಮಿಷನ್ ಇಟ್ಟರೆ ಕಿಡಿಗೆ ಯಾರ ಬೆಟ್ಟ ಎಂಬ ಭೇದವಿಲ್ಲ. ವಾರಂಟಿಯಂತೂ ಮೊದಲ ತೂತಿನಲ್ಲೇ ಸೋರಿಹೋಗುತ್ತದೆ.

ಹಾಗಾದರೆ ಹೊಸ ಮಿಷನ್ನಿಗೆ ಕೈ ಹಾಕುವುದು ಯಾವಾಗ? ಮೊದಲ ದಿನ ಚೈನ್ ಬ್ರೇಕ್ ಹಿಡಿಯುತ್ತದೆಯೇ, ಬಾರಿಗೆ ಆಯಿಲ್ ಇಳಿಯುತ್ತದೆಯೇ ನೋಡಿ. ಹೊಸ ಚೈನ್ ಬಿಸಿಗೆ ಹಿಗ್ಗುತ್ತದೆ, ಆಗಾಗ ಬಿಗಿ ಮಾಡಿ. ಹದಿನೈದು ಟ್ಯಾಂಕ್ ಮುಗಿಯುವವರೆಗೆ ಎಂಜಿನ್ನಿನ ತಂಟೆಗೆ ಹೋಗಬೇಡಿ. ಆ ಹೊತ್ತಿನಲ್ಲಿ ಅರ ಹಾಕುವುದು ಕಲಿಯಿರಿ. ಅದೂ ಆದ ಮೇಲೆ ಕೊರತೆ ಕಂಡರೆ ಮೊದಲು ಏರ್ ಫಿಲ್ಟರ್ ತೊಳೆದು, ಬಾರ್ ಸವೆದಿದೆಯೇ ನೋಡಿ. ಆಮೇಲೆ ಕಿವಿ ಇರುವ ಮೆಕ್ಯಾನಿಕ್ಕಿನ ಹತ್ತಿರ ಕಾರ್ಬೊರೇಟರ್ ತೋರಿಸಿ. ಸೈಲೆನ್ಸರಿನ ಮಾತು ವಾರಂಟಿ ಮುಗಿದ ಮೇಲೆ, ಅದೂ ಮಿಶ್ರಣ ಹೊಂದಿಸುವ ತಿರುಪು ಇದ್ದರೆ. ಸಿಲಿಂಡರಿನ ಪೋರ್ಟ್ ಅರೆಯುವುದು ಮಾತ್ರ ಅದನ್ನೇ ಕಸುಬು ಮಾಡಿಕೊಂಡವರ ಪಾಲಿಗಿರಲಿ; ಒಳಗಿನ ತೆಳು ಲೇಪ ಒಮ್ಮೆ ಎದ್ದರೆ ಮತ್ತೆ ಕೂರುವುದಿಲ್ಲ.

ಇದನ್ನೆಲ್ಲ ನೆನಪಿಟ್ಟುಕೊಳ್ಳಲಾಗದವರಿಗೆ ಒಂದೇ ಪರೀಕ್ಷೆ ಸಾಕು. ‘ಇಂಥ ಮರ, ಇಷ್ಟು ದಪ್ಪ, ಹಲ್ಲು ಹರಿತ ಇದ್ದಾಗಲೂ ಇಲ್ಲಿಗೆ ಬಂದಾಗ ಮಿಷನ್ ಸೋಲುತ್ತದೆ’ ಎಂದು ತಡವರಿಸದೆ ಹೇಳಲು ಬರುವ ದಿನ ನೀವು ಮಾರ್ಪಾಡಿಗೆ ಅರ್ಹರು. ಆದರೆ ಅಷ್ಟು ಖಚಿತವಾಗಿ ಹೇಳಬಲ್ಲವರು ಪೇಟೆಗೆ ಹೋದರೆ ಸಾಮಾನ್ಯವಾಗಿ ಒಂದು ಹೊಸ ಚೈನು, ಎರಡು ಅರ ತಗೊಂಡು ಮಧ್ಯಾಹ್ನದ ಊಟಕ್ಕೆ ವಾಪಸು ಬಂದುಬಿಡುತ್ತಾರೆ.